ಅರವತ್ತನಾಲ್ಕನೆಯ ಚೀಟಿ

ಎಷ್ಟು ಸಲ ಎಣಿಸಿದರೂ ವಸ್ತುಗಳು ಅರವತ್ತಮೂರು, ಚೀಟಿಗಳು ಅರವತ್ತನಾಲ್ಕು. ಗಿಲಕಿ ಎಡದಿಂದ ಎಣಿಸಿದಳು, ಬಲದಿಂದ ಎಣಿಸಿದಳು, ಒಂದು ಲೋಟ ನೀರು ಕುಡಿದು ಬಂದು ಮತ್ತೆ ಎಣಿಸಿದಳು. ಲೆಕ್ಕ ಜಪ್ಪಯ್ಯ ಅಂದರೂ ಅಲುಗಾಡಲಿಲ್ಲ. ಕೊನೆಗೆ ಟಿಕೆಟ್ ಮೇಜಿನ ಹಿಂದಿನ ಕುರ್ಚಿಯಲ್ಲಿ ಕುಸಿದು ಕುಳಿತಳು.

ಗಿಲಕಿ ಎನ್ನುವುದು ಸೋದರಮಾವ ಇಟ್ಟ ಅಡ್ಡಹೆಸರು. ನಲವತ್ತು ದಾಟಿ ತಲೆಯಲ್ಲಿ ಬಿಳಿ ಕೂದಲು ಇಣುಕಿದರೂ ಆ ಹೆಸರು ಅವಳನ್ನು ಬಿಟ್ಟಿರಲಿಲ್ಲ. ಎರಡು ಕೋಣೆಯ ಈ ಮ್ಯೂಸಿಯಮ್ಮನ್ನು ಕಟ್ಟಿದವರೂ ಅದೇ ಮಾವ. ಬಾಗಿಲ ಮೇಲಿನ ಬೋರ್ಡು ಇತಿಹಾಸ ಸಂಘದ್ದು, ಒಳಗಿನ ದುಡಿಮೆಯೆಲ್ಲ ಮಾವನದು. ಎರಡು ವರ್ಷದ ಹಿಂದೆ ಅವರ ಮಂಡಿ ಕೈಕೊಟ್ಟಾಗ ಈ ಕುರ್ಚಿ ಅವಳ ಪಾಲಿಗೆ ಬಂತು.

ಮಾವನ ಚೀಟಿಗಳದ್ದೇ ಒಂದು ವಿಚಿತ್ರ. ಬೇರೆಯವರಾದರೆ ‘ಹಿತ್ತಾಳೆಯ ಬೀಗ, ಇಷ್ಟು ವರ್ಷ ಹಳೆಯದು’ ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ಮಾವ ವಸ್ತುವಿನ ಹೆಸರನ್ನೇ ಬರೆಯುತ್ತಿರಲಿಲ್ಲ. “ಬೀಗ ಅಂತ ಕಣ್ಣಿಗೇ ಕಾಣ್ತಿದೆಯಲ್ಲ, ಬರೆಯೋದ್ಯಾಕೆ? ಕಾಣದೇ ಇರೋದನ್ನ ಬರೀಬೇಕು” ಎನ್ನುತ್ತಿದ್ದರು. ಹಾಗಾಗಿ ಒಂದು ಬೀಗದ ಚೀಟಿಯಲ್ಲಿ, ‘ಕೀಲಿ ಬಾವಿಗೆ ಬಿತ್ತು. ಬಾಗಿಲು ಒಡೆದರು. ಇದು ಮಾತ್ರ ಸೋಲಲಿಲ್ಲ.’ ಒಂದು ಕನ್ನಡಿಯದರಲ್ಲಿ, ‘ಮೂವರು ಅಕ್ಕತಂಗಿಯರು ಇದಕ್ಕಾಗಿ ಜಗಳವಾಡಿದರು. ಕೊನೆಗೆ ಮೂವರೂ ಬೇಡವೆಂದರು.’ ಬರಹ ಹಿಂದಕ್ಕಿರುವಂತೆ ಚೀಟಿ ಕಟ್ಟಬೇಕು. ಬಂದವರು ಮೊದಲು ವಸ್ತುವನ್ನು ನೋಡಲಿ, ಆಮೇಲೆ ಚೀಟಿ ತಿರುಗಿಸಿ ಓದಲಿ ಎಂಬುದು ಅವರ ಕಟ್ಟಳೆ.

ಮೂರು ತಿಂಗಳ ಹಿಂದೆ ಮಾವ ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದರು. ಮ್ಯೂಸಿಯಮ್ಮಿನ ಗೋಡೆಗಳು ತೇವಕ್ಕೆ ಹೊಪ್ಪಳೆ ಏಳುತ್ತಿದ್ದವು. “ನಾನು ಎದ್ದು ಬಂದು ಎದುರಿಗೆ ನಿಂತು ಸುಣ್ಣ ಹೊಡೆಸ್ತೀನಿ, ಅಲ್ಲೀವರೆಗೆ ಯಾರೂ ಕೈ ಹಾಕಬಾರ್ದು” ಎಂದು ಅವರು ಹೇಳಿದ್ದನ್ನು ಗಿಲಕಿ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟಳು. ಸುಣ್ಣದವನನ್ನು ಕರೆಸಿದಳು. ಚೀಟಿಗಳ ಮೇಲೆ ಸುಣ್ಣದ ಹನಿ ಬಿದ್ದೀತೆಂದು ಒಳಕೋಣೆಯ ಚೀಟಿಗಳನ್ನೆಲ್ಲ ತಾನೇ ದಾರ ಕತ್ತರಿಸಿ ತೆಗೆದಳು, ಹೊರಕೋಣೆಯವನ್ನು ಅವನಿಂದ ತೆಗೆಸಿದಳು. ಎಲ್ಲ ಒಂದೇ ಬಿಸ್ಕತ್ತಿನ ಡಬ್ಬಕ್ಕೆ. ಅತಿ ಅಚ್ಚುಕಟ್ಟಿನವರು ಮಾತ್ರ ಮಾಡಬಲ್ಲ ಎಡವಟ್ಟು ಇದು. ಸೋಮಾರಿಯಾಗಿದ್ದರೆ ಚೀಟಿಗಳು ಇದ್ದಲ್ಲೇ ನೇತಾಡಿಕೊಂಡಿರುತ್ತಿದ್ದವು.

ಮತ್ತೆ ಜೋಡಿಸಲು ನಾಲ್ಕು ದಿನ ಹಿಡಿಯಿತು. ಯಾವುದು ಸೋಲದ ಬೀಗ, ಯಾವುದು ಸುಮ್ಮನೆ ಬೀಗ? ಒಂಬತ್ತು ಬೀಗಗಳೂ ಒಂದೇ ಮುಖ ಮಾಡಿಕೊಂಡು ಕುಳಿತಿದ್ದವು. ನೆನಪಿದ್ದದ್ದು ನೆನಪಿನಿಂದ, ಉಳಿದದ್ದು ಧೈರ್ಯದಿಂದ ಕಟ್ಟಿದಳು. ಎಲ್ಲ ಮುಗಿದು ಡಬ್ಬದ ತಳದಲ್ಲಿ ಒಂದು ಚೀಟಿ ಉಳಿಯಿತು. ಅಂಚು ಹಳದಿಗಟ್ಟಿದ ದಪ್ಪ ಕಾಗದ, ಅಕ್ಷರ ಮಾವನದೇ, ಆದರೆ ಈಗಿನಂತೆ ನಡುಗದ ಅಕ್ಷರ.

‘ಅಕ್ಕ ಕೊಟ್ಟದ್ದು. ಬಟ್ಟೆಯಲ್ಲಿ ಸುತ್ತಿತ್ತು. ಸದ್ದು ಬಹಳ. ಒಮ್ಮೆ ಕೈಜಾರಿ ಬಿತ್ತು, ಒಡೆಯಲಿಲ್ಲ. ಯಾರು ಕೇಳಿದರೂ ಕೊಡುವುದಿಲ್ಲ.’

ಗಿಲಕಿ ಅದನ್ನು ಎರಡು ಸಲ ಓದಿದಳು. ಮಾವನಿಗೆ ಇದ್ದದ್ದು ಒಬ್ಬಳೇ ಅಕ್ಕ, ಗಿಲಕಿಯ ಅಮ್ಮ. ಅವಳ ಮುಖವೂ ಗಿಲಕಿಗೆ ನೆನಪಿಲ್ಲ. ಅಮ್ಮನದೆಂದು ಹೇಳಿಕೊಳ್ಳಲು ಅವಳ ಬಳಿ ಒಂದು ಹರಿದ ಸೆರಗೂ ಇರಲಿಲ್ಲ. ಈಗ ನೋಡಿದರೆ ಅಮ್ಮನ ಕೈಯಿಂದ ಬಂದ ವಸ್ತುವೊಂದು ಇದೇ ಕೋಣೆಗಳಲ್ಲಿ ಇತ್ತು, ಅದನ್ನು ತಾನೇ ಕಳೆದಿದ್ದಳು. ಸಂಕಟ ಒಂದು ಕಡೆ, ಅದು ಏನೆಂದೇ ಗೊತ್ತಿಲ್ಲವಲ್ಲ ಎಂಬ ಗೊಂದಲ ಇನ್ನೊಂದು ಕಡೆ.

ಸಾಲದ್ದಕ್ಕೆ ಶುಕ್ರವಾರ ಹತ್ತಿರ ಬರುತ್ತಿತ್ತು. ದೊಡ್ಡ ಊರಿನ ದೊಡ್ಡ ಮ್ಯೂಸಿಯಮ್ಮಿನವರು ಇಲ್ಲಿನ ವಸ್ತುಗಳ ಮೇಲೆ ಕಣ್ಣಿಟ್ಟಿದ್ದರು. ಶುಕ್ರವಾರ ಎಣಿಕೆ. ಚೀಟಿಗಳೇ ಇಲ್ಲಿನ ದಾಖಲೆ. ಒಂದು ವಸ್ತು ಕಡಿಮೆ ಬಂದರೂ ಎಲ್ಲವನ್ನೂ ಲಾರಿಗೆ ಹೇರಿ ಕಳಿಸುವುದೆಂದು ಸಂಘ ಒಪ್ಪಿಕೊಂಡಿತ್ತು. ಸಂಘದ ಅಧ್ಯಕ್ಷರು ನಿವೃತ್ತ ಪೋಸ್ಟ್ ಮಾಸ್ಟರು, ಎಣಿಸುವುದೆಂದರೆ ಪ್ರಾಣ. ಸುಣ್ಣ ಒಣಗುವ ಮೊದಲೇ ಬಂದು, ಡಬ್ಬ ಸುರಿದು, ಅರವತ್ತನಾಲ್ಕು ಎಂದು ತಮ್ಮ ಪುಸ್ತಕದಲ್ಲಿ ಬರೆದುಕೊಂಡು ಹೋಗಿದ್ದರು. ಚೀಟಿಯನ್ನು ಒಲೆಗೆ ಹಾಕಿ ಸುಮ್ಮನಾಗುವ ದಾರಿಯೂ ಮುಚ್ಚಿತ್ತು.

ಗಿಲಕಿ ಸುಣ್ಣದವನನ್ನು ಹಿಡಿದಳು. ಅವನು ಬೇರೊಂದು ಮನೆಯ ಏಣಿಯ ಮೇಲಿದ್ದ.

“ಹೊರಕೋಣೆಯಿಂದ ಏನಾದ್ರೂ ತಗೊಂಡು ಹೋದ್ಯಾ?”

“ಹೋಗುವಾಗ ನನ್ನ ಬ್ರಷ್ಷು, ಬಕೆಟ್ಟು. ಯಾಕಮ್ಮಾ?”

“ಒಂದು ವಸ್ತು ಕಾಣ್ತಿಲ್ಲ.”

“ಏನು ವಸ್ತು?”

ಗಿಲಕಿ ತಡವರಿಸಿದಳು. “ಏನು ಅಂತ... ಗೊತ್ತಿಲ್ಲ.”

ಅವನು ಏಣಿಯಿಂದ ಇಳಿದೇ ಬಂದ. “ಏನು ಕಳೆದಿದೆ ಅಂತ ನಿಮಗೇ ಗೊತ್ತಿಲ್ಲ, ಕದ್ದವನು ನಾನು ಅಂತ ಮಾತ್ರ ಗೊತ್ತು! ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ್ರಂತೆ, ಹಾಗಾಯ್ತು ನಿಮ್ಮ ಕತೆ. ಚೀಟಿ ಇದ್ದ ಕಡೆಯೆಲ್ಲ ಕತ್ತರಿಸಿ ಕೊಟ್ಟೆ. ಶುಕ್ರವಾರ ನಾನೂ ಬರ್ತೀನಿ. ಎಲ್ಲರೆದುರಿಗೆ ಹೇಳಿ, ಕಳ್ಳ ಅಂತ.”

ಅವಳಿಗೆ ಮುಖ ಎತ್ತಲಾಗಲಿಲ್ಲ. ಆದರೂ ಅನುಮಾನ ಪೂರ್ತಿ ಹೋಗಲಿಲ್ಲ. ಅನುಮಾನ ಬಿಟ್ಟರೆ ಅವಳ ಕೈಯಲ್ಲಿ ಬೇರೇನೂ ಇರಲಿಲ್ಲವಲ್ಲ.

ಸಂಜೆ ಮಾವನ ತಲೆದಿಂಬು ಸರಿಮಾಡುತ್ತ ಸುತ್ತಿ ಬಳಸಿ ಕೇಳಿದಳು. “ಮಾವ, ನಮ್ಮ ಮ್ಯೂಸಿಯಮ್ಮಲ್ಲಿ ತುಂಬಾ ಸದ್ದು ಮಾಡೋದು ಯಾವುದು?”

“ಅಧ್ಯಕ್ಷರು” ಎಂದರು ಮಾವ, ಕಣ್ಣು ತೆರೆಯದೆ.

“ವಸ್ತುಗಳಲ್ಲಿ ಕೇಳಿದ್ದು.”

“ವಸ್ತುಗಳು ಪಾಪ ಮಾತಾಡಲ್ಲ. ಯಾಕೆ?”

“ಸುಮ್ನೆ ಕೇಳ್ದೆ.”

ಕೈಯಲ್ಲಿದ್ದ ಸುಣ್ಣದ ಕಲೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಎದ್ದುಬಂದಳು. ನೇರವಾಗಿ ಕೇಳಿದ್ದರೆ ಒಂದು ನಿಮಿಷದಲ್ಲಿ ಬಗೆಹರಿಯುತ್ತಿತ್ತು. ಆದರೆ ಹಾಗೆ ಕೇಳಬೇಕಾದರೆ ಸುಣ್ಣದ ಸುದ್ದಿ ಹೇಳಬೇಕು. ನಲವತ್ತು ದಾಟಿದವಳಿಗೆ ಮಾವನ ಭಯವೇ ಎಂದು ಯಾರಾದರೂ ನಗಬಹುದು. ನಗಲಿ. ಸಾಕಿದವರ ಭಯ ವಯಸ್ಸಾದ ಮಾತ್ರಕ್ಕೆ ಹೋಗುವಂಥದ್ದಲ್ಲ.

ಗುರುವಾರ ಅವಳ ಬುದ್ಧಿ ಅಡ್ಡದಾರಿ ಹಿಡಿಯಿತು. ಸದ್ದು ಮಾಡುವುದು, ಬಿದ್ದರೂ ಒಡೆಯದ್ದು, ಬಟ್ಟೆಯಲ್ಲಿ ಸುತ್ತಿಡುವಂಥದ್ದು ಎಂದರೆ ಗಂಟೆಯಲ್ಲದೆ ಇನ್ನೇನು? ಗುಜರಿ ಅಂಗಡಿಯಿಂದ ಒಂದು ಕಂಚಿನ ಗಂಟೆ ತಂದು ಹುಣಸೆಹಣ್ಣು ಹಚ್ಚಿ ಉಜ್ಜಿದಳು. ಹೆಚ್ಚು ಹೊಳೆಯಿತೆಂದು ಮತ್ತೆ ಬೂದಿ ಮೆತ್ತಿದಳು. ಹಳದಿ ಚೀಟಿಯನ್ನು ಅದರ ಕೊರಳಿಗೆ ಕಟ್ಟಿದಳು. ಅಮ್ಮನ ಹೆಸರಿನಲ್ಲಿ ಸುಳ್ಳು ಕಟ್ಟುತ್ತಿದ್ದೇನೆ ಎನ್ನಿಸಿ ಗಂಟು ಮೂರು ಸಲ ತಪ್ಪಿತು.

ಶುಕ್ರವಾರ ಅಧ್ಯಕ್ಷರು ಪುಸ್ತಕ ಹಿಡಿದು ಬಂದರು. ಸುಣ್ಣದವನು ಹೇಳಿದಂತೆಯೇ ಬಂದು ಬಾಗಿಲಿಗೆ ಒರಗಿ ನಿಂತ. ಎಣಿಕೆ ಶುರುವಾಗುವ ಹೊತ್ತಿಗೆ ಹೊರಗೊಂದು ಆಟೋ ನಿಂತಿತು. ಕೋಲೂರಿಕೊಂಡು, ಚಾಲಕನ ಹೆಗಲು ಹಿಡಿದು, ಮಾವ ಇಳಿದರು.

“ನನ್ನ ಮ್ಯೂಸಿಯಮ್ಮು ಎಣಿಸೋವಾಗ ನಾನು ಜಂತಿ ಎಣಿಸಿಕೊಂಡು ಮಲಗಿರ್ಲಾ?” ಎಂದು ಒಳಗೆ ಬಂದು ಗೋಡೆ ನೋಡಿದರು. ಗಿಲಕಿಯನ್ನು ನೋಡಿದರು. ಕೋಲಿನ ತುದಿಯಿಂದ ಹೊಸ ಸುಣ್ಣವನ್ನೊಮ್ಮೆ ಕೆರೆದರು. ಬೈದಿದ್ದರೆ ಅವಳಿಗೆ ಎಷ್ಟೋ ಸುಖವಿತ್ತು.

ಅಧ್ಯಕ್ಷರು ಒಂದೊಂದೇ ವಸ್ತು ಮುಟ್ಟಿ ಗುರುತು ಹಾಕುತ್ತ ಹೋದರು. ಮಾವ ಹಿಂದೆಯೇ ಚೀಟಿ ತಿರುಗಿಸಿ ಓದುತ್ತ ಬಂದರು. ಬೀಗಗಳ ಹತ್ತಿರ ಮೂಗಿನಲ್ಲೇ ನಕ್ಕರು. ಅರವತ್ತಮೂರು ಮುಗಿಯಿತು.

“ಅರವತ್ತನಾಲ್ಕು, ಗಂಟೆ” ಎಂದರು ಅಧ್ಯಕ್ಷರು.

“ಯಾವ ಗಂಟೆ?” ಮಾವ ಬಾಗಿ ಚೀಟಿ ತಿರುಗಿಸಿದರು. ಓದಿದರು. ಅವರ ಮುಖ ಮೊದಲು ಗಲಿಬಿಲಿಗೊಂಡಿತು, ಆಮೇಲೆ ಮೆತ್ತಗಾಯಿತು. “ಇದನ್ನ ಯಾರು ಇಲ್ಲಿ ಕಟ್ಟಿದ್ದು?”

ಗಿಲಕಿಗೆ ಇನ್ನು ತಡೆಯಲಾಗಲಿಲ್ಲ. “ನಾನೇ ಮಾವ. ಗಂಟೆ ಗುಜರಿಯದ್ದು. ಅಮ್ಮ ಕೊಟ್ಟಿದ್ದನ್ನ ನಾನು ಕಳೆದುಬಿಟ್ಟೆ. ಏನು ಅಂತಾನೂ ಗೊತ್ತಿಲ್ಲ. ಎಲ್ಲಾ ಹುಡುಕಿದೆ. ಇವನ ಮೇಲೆ ಕಳ್ಳತನಾನೂ ಹೊರಿಸಿದೆ” ಎಂದು ಗಳಗಳನೆ ಅತ್ತಳು.

“ನೋಡಿದ್ರಾ ಸದ್ದು?” ಎಂದರು ಮಾವ ಅಧ್ಯಕ್ಷರ ಕಡೆ ತಿರುಗಿ. “ಅವತ್ತೂ ಹೀಗೇ. ಮೂರು ಬೀದಿಗೆ ಕೇಳಿಸ್ತಿತ್ತು. ಅದಕ್ಕೇ ಗಿಲಕಿ ಅಂದಿದ್ದು.”

ಯಾರಿಗೂ ಏನೂ ಅರ್ಥವಾಗಲಿಲ್ಲ. ಮಾವ ಗಂಟೆಯ ಕೊರಳಿನ ದಾರ ಬಿಚ್ಚುತ್ತ ಹೇಳಿದರು. “ಅಕ್ಕ ತೀರಿಹೋಗೋ ದಿನ ಬಟ್ಟೇಲಿ ಸುತ್ತಿ ನನ್ನ ಕೈಗೆ ಕೊಟ್ಟಳು. ಒಂಬತ್ತು ತಿಂಗಳ ಕೂಸು. ಎತ್ತಿಕೊಳ್ಳೋಕೂ ಬರ್ತಿರ್ಲಿಲ್ಲ ನಂಗೆ, ಒಂದು ಸಲ ಬೀಳಿಸಿಬಿಟ್ಟೆ. ಅಪ್ಪನ ಕಡೆಯವರು ಮೂರು ಸಲ ಬಂದು ಕೇಳಿದ್ರು. ಬಾಯಲ್ಲಿ ಜಗಳ ಆಡೋಕೆ ಆಗದೆ ಇದನ್ನ ಬರೆದು ತೊಟ್ಟಿಲಿಗೆ ಕಟ್ಟಿದೆ. ಬಂದವರು ಓದಿಕೊಂಡು ಹೋಗಲಿ ಅಂತ. ನಾನು ಬರೆದ ಮೊದಲ ಚೀಟಿ ಅದೇ. ಆಮೇಲೆ ಚೀಟಿ ಬರೆಯೋದೇ ಚಟ ಆಯ್ತು.”

“ಆದ್ರೆ ಇಲ್ಲಿ...”

“ನೀನು ಈ ಕುರ್ಚೀಲಿ ಕೂತ ದಿನ ತಂದು ಅದರ ಕಾಲಿಗೆ ಕಟ್ಟಿದ್ದೆ. ಬಗ್ಗಿ ಕುರ್ಚಿ ಅಡಿ ನೋಡಿದ್ದಿದ್ರೆ ಕಾಣ್ತಿತ್ತು.”

ಬಾಗಿಲಲ್ಲಿದ್ದ ಸುಣ್ಣದವನು ಹಣೆ ಚಚ್ಚಿಕೊಂಡ. “ಹೌದು, ಕುರ್ಚಿ ಕಾಲಲ್ಲೂ ಒಂದಿತ್ತು! ಅದನ್ನೂ ಕತ್ತರಿಸಿದೆ.”

ಗಿಲಕಿ ಅವನ ಮುಂದೆ ಹೋಗಿ ನಿಂತು, “ತಪ್ಪಾಯ್ತಪ್ಪ” ಎಂದಳು. ಅವನು ಕಂಕುಳು ತೋರಿಸಿ ನಕ್ಕ.

ಅಧ್ಯಕ್ಷರು ಇನ್ನೂ ಪೆನ್ನು ಎತ್ತಿಕೊಂಡೇ ನಿಂತಿದ್ದರು. ಅರವತ್ತನಾಲ್ಕು ಬರೆದದ್ದನ್ನು ಅರವತ್ತಮೂರು ಮಾಡಲು ಪೋಸ್ಟ್ ಮಾಸ್ಟರ ಕೈ ಬರುವುದಿಲ್ಲ. “ಹಾಗಾದ್ರೆ ಅರವತ್ತನಾಲ್ಕನೇದು ಇದೆ ಅಂತ್ಲೇ ಬರ್ಕೊಳ್ಲಾ?” ಎಂದು ಗೊಂದಲದಲ್ಲಿ ಕೇಳಿದರು. “ಸ್ಥಿತಿ ಅಂತ ಒಂದು ಕಾಲಮ್ಮಿದೆ.”

“ಒಡೆದಿಲ್ಲ ಅಂತ ಬರ್ಕೊಳ್ಳಿ” ಎಂದರು ಮಾವ. ಚೀಟಿಯನ್ನು ಗಿಲಕಿಯ ಅಂಗೈಯಲ್ಲಿಟ್ಟರು. “ನಂಗೆ ಬಗ್ಗೋಕಾಗಲ್ಲ. ನೀನೇ ಕಟ್ಟು.”

ಗಿಲಕಿ ಕುರ್ಚಿಯ ಮುಂದೆ ಮೊಣಕಾಲೂರಿ ಕುಳಿತಳು. ಕಣ್ಣೀರಿಗೆ ದಾರ ಎರಡಾಗಿ ಕಾಣುತ್ತಿತ್ತು. ಹೇಗೋ ಗಂಟು ಹಾಕಿದಳು, ಬರಹ ಹಿಂದಕ್ಕಿರುವಂತೆ.