ಅಳತೆ ಚೀಟಿಯ ಸಹಿ

ನನ್ನ ಹೆಂಡತಿ ದರ್ಜಿ. ಕೈಗೆಟುಕುವಷ್ಟು ಹತ್ತಿರ ಕತ್ತರಿಯಿದ್ದರೂ ದಾರವನ್ನು ಹಲ್ಲಿನಿಂದಲೇ ಕಚ್ಚಿ ತುಂಡರಿಸುತ್ತಿದ್ದಳು. ಎಡಗಡೆ ಮೇಲಿನ ಕೋರೆಹಲ್ಲು ಮೂವತ್ತು ವರ್ಷಗಳಿಂದ ಆ ಕೆಲಸಕ್ಕೇ ಮೀಸಲಾಗಿತ್ತು. ನಾನು ಗುಂಡಿ ಹಚ್ಚಿ, ಇಸ್ತ್ರಿ ಮಾಡಿ, ಬಟ್ಟೆಗೆ ಚುಚ್ಚಿದ ಅಳತೆ ಚೀಟಿಯನ್ನು ತೆಗೆದು ಗಿರಾಕಿಗೆ ಕೊಡುವವನು. ಅಂಗಡಿಯಲ್ಲಿ ನನ್ನ ಮಾತಿಗಿಂತ ಇಸ್ತ್ರಿಪೆಟ್ಟಿಗೆಗೆ ಬೆಲೆ ಹೆಚ್ಚು.

ಅವಳಿಗೆ ಹುಳುಕಾಗಿದ್ದದ್ದು ಬಲಗಡೆಯ ಕೋರೆ. ದಂತವೈದ್ಯ ಕಿತ್ತದ್ದು ಎಡಗಡೆಯದನ್ನು, ಕಲ್ಲಿನಂತೆ ಗಟ್ಟಿಯಾಗಿದ್ದದ್ದನ್ನು. ನಾಲ್ಕು ದಿನ ಬಿಟ್ಟು, ಊತ ಇಳಿದ ಮೇಲೆ ಕೇಳಲು ಹೋದರೆ ಅವನು ಕುರ್ಚಿಯಿಂದ ಏಳಲೂ ಇಲ್ಲ. “ಎಡಗಡೇದೇ ನೋವು ಅಂತ ನೀವೇ ತೋರಿಸಿದ್ರಲ್ಲಮ್ಮ” ಎಂದುಬಿಟ್ಟ.

ಮೂವತ್ತು ವರ್ಷಗಳಲ್ಲಿ ಒಂದು ತೋಳನ್ನೂ ಎಡಬಲ ಮಾಡದವಳಿಗೆ ಆ ಮಾತು! ಹಲ್ಲು ಹೋದದ್ದಕ್ಕಿಂತ ಅದೇ ಅವಳನ್ನು ಉರಿಸಿತು. ನಾನಾದರೂ ಬಾಯಿ ಮುಚ್ಚಿಕೊಂಡಿರಬೇಕಿತ್ತು. “ಗಾಬರೀಲಿ ನೀನೇ ತಪ್ಪು ತೋರಿಸಿರ್ಬೇಕು ಕಣೇ” ಎಂದೆ. ಅಂದಿನಿಂದ ನನ್ನೊಡನೆ ಮಾತು ಬಂದ್.

ಮರುದಿನವೇ ನಮ್ಮ ಗಿರಾಕಿ ಲಾಯರಮ್ಮನ ಕಚೇರಿಯ ಮೆಟ್ಟಿಲು ಹತ್ತಿದೆವು. ವಕೀಲಿಗೆ ಇಳಿದು ವರ್ಷವೂ ತುಂಬದ ಹುಡುಗಿ. ನಾವು ಹೊಲಿದುಕೊಟ್ಟ ಕಪ್ಪು ಕೋಟು, ಮೊದಲ ಸ್ವಂತ ಕೇಸಿಗೆಂದು ಇಟ್ಟದ್ದು, ಬಾಗಿಲ ಹಿಂದೆ ಕವರಿನಲ್ಲೇ ನೇತಾಡುತ್ತಿತ್ತು.

“ನಿಮ್ಮ ಮಾತು ನಂಬ್ತೀನಮ್ಮ. ಆದ್ರೆ ಡಾಕ್ಟರು ತಮ್ಮ ಪುಸ್ತಕದಲ್ಲಿ ಎಡಗಡೆ ಅಂತಲೇ ಬರೆದಿರ್ತಾರೆ. ನಿಮ್ಮ ಹತ್ರ ಏನಾದ್ರೂ ಬರಹ ಇದ್ಯಾ?”

“ಇದೆ. ಅವರ ಸಹೀನೇ ಇದೆ” ಎಂದಳು ನನ್ನವಳು.

ನಮ್ಮ ಅಂಗಡಿಯ ಪದ್ಧತಿ ಹೀಗೆ: ಅಳತೆ ಬರೆದು, ಕೆಳಗೆ ಸಹಿ ಹಾಕಿಸಿ, ಚೀಟಿ ಹರಿದು ಬಟ್ಟೆಗೆ ಚುಚ್ಚುವುದು. ಇವಳು ದಂತವೈದ್ಯನ ಮುಂದೆಯೂ ಅಳತೆ ಪುಸ್ತಕ ತೆಗೆದಿದ್ದಳಂತೆ. ಎರಡು ಸಾಲು ಹಲ್ಲಿನ ಚಿತ್ರ ಬಿಡಿಸಿ, ಬಾಣ ಹಾಕಿ, ‘ಬಲ, ಮೇಲೆ, ಕೋರೆ, ತೆಗೆಯಬೇಕು’ ಎಂದು ಬರೆದಳಂತೆ. ಅವನು ನಗುತ್ತಾ ಸಹಿ ಹಾಕಿದನಂತೆ.

“ಚೀಟಿ ಎಲ್ಲಿ?”

“ಬಾಯಿ ಊದಿತ್ತು, ತಲೆ ತಿರುಗ್ತಿತ್ತು. ಅಂಗಡಿಗೆ ಬಂದು ಮೇಜಿನ ಮೇಲಿದ್ದ ಯಾವುದೋ ಬಟ್ಟೆಗೆ ಚುಚ್ಚಿಬಿಟ್ಟೆ.”

ಆಮೇಲೆ ಒಂದು ವಾರ ಮನೆ ಮನೆ ಅಲೆದೆ. ಗಿರಾಕಿಗಳ ಅಂಗಿ, ಲಂಗ, ಒಬ್ಬ ಮೇಷ್ಟರ ಪ್ಯಾಂಟನ್ನೂ ಒಳಹೊರಗು ಮಾಡಿ ನೋಡಿದೆ. ಮೇಷ್ಟರು ಆಗ ಅದನ್ನು ತೊಟ್ಟೇ ಇದ್ದರು. ಚೀಟಿ ಸಿಗಲಿಲ್ಲ. ಅಂಥ ಚೀಟಿಯೇ ಇಲ್ಲವೆಂದು ಮನಸ್ಸಿನಲ್ಲೇ ತೀರ್ಮಾನಿಸಿದೆ, ನಾಚಿಕೆಗೆಟ್ಟವನು.

ಚೀಟಿಯಿಲ್ಲದಿದ್ದರೂ ದೂರು ಕೊಟ್ಟೇ ತೀರುವುದೆಂದು ಲಾಯರಮ್ಮ ಹೊರಟ ದಿನ, ನಮ್ಮೆದುರೇ ಹೊಸ ಕೋಟಿಗೆ ಕೈ ತೂರಿಸಿದಳು.

“ಅಯ್ಯೋ! ಏನೋ ಚುಚ್ತು!”

ಕಂಕುಳ ಬಳಿ, ಒಳಗಡೆ ಗುಂಡುಪಿನ್ನು. ಪಿನ್ನಿನಲ್ಲಿ ಚೀಟಿ. ಚೀಟಿಯಲ್ಲಿ ಎರಡು ಸಾಲು ಹಲ್ಲು, ಬಾಣ, ಸಹಿ! ಲಾಯರಮ್ಮ ಒಂದೇ ತೋಳು ತೂರಿಸಿದ ಕೋಟಿನಲ್ಲೇ ಕುಣಿದಳು. ನನ್ನವಳು ಹಲ್ಲಿನ ಕಿಂಡಿ ಕಾಣುವಂತೆ ಬಾಯಿಬಿಟ್ಟು ನಕ್ಕಳು, ನಗುತ್ತಲೇ ಅತ್ತಳು. ನಂತರ ನನ್ನ ಕಡೆ ತಿರುಗಿದಳು.

“ಚೀಟಿ ತೆಗೆಯೋದು ಯಾರ ಕೆಲಸ ರೀ?”

ನನ್ನ ಕೆಲಸವೇ. ಕೋಟಿನ ಬೆನ್ನಿಗೆ ಚುಚ್ಚಿದ್ದ ಅದರ ಅಳತೆ ಚೀಟಿ ತೆಗೆದು, ಇನ್ನೊಂದು ಇರಬಹುದೆಂದು ನೋಡದೆ ಕವರಿಗೆ ಹಾಕಿದ್ದೆ. ಊರೆಲ್ಲ ತಡಕಾಡಿದವನಿಗೆ ಕಣ್ಣೆದುರಿನ ಕೋಟು ಹೊಳೆದೇ ಇರಲಿಲ್ಲ.

ಲಾಯರಮ್ಮ ಕಳಿಸಿದ ಚೀಟಿಯ ನಕಲು ಕೈಸೇರಿದ್ದೇ ತಡ, ದಂತವೈದ್ಯ ತಾನೇ ಅಂಗಡಿಗೆ ಓಡಿಬಂದ. ಬೇರೆ ವೈದ್ಯರ ಬಳಿ ಹೊಸ ಹಲ್ಲು ಕಟ್ಟಿಸುವ ಖರ್ಚು ತನ್ನದೆಂದು ಲಾಯರಮ್ಮನ ಮುಂದೆ ಒಪ್ಪಿ, ಪತ್ರ ಕೊಟ್ಟ. ನನ್ನವಳು ಅದನ್ನು ನನ್ನ ಕೈಗೆ ಹಿಡಿಸಿದಳು.

“ಗಟ್ಟಿಯಾಗಿ ಓದ್ರೀ.”

“‘ಅವರು ಸರಿಯಾಗಿಯೇ ತೋರಿಸಿದ್ದರು. ತಪ್ಪು ನನ್ನದು.’”

“ಇನ್ನೊಂದ್ಸಲ.”

ಓದಿದೆ. ಅವಳು ಅಳತೆ ಪುಸ್ತಕ ತೆರೆದು, ಪೆನ್ಸಿಲು ನನ್ನತ್ತ ತಳ್ಳಿದಳು. “ಈಗ ನಿಮ್ಮದು.”

‘ನಿನ್ನ ಮಾತು ನಂಬದೆ ಹೋದೆ. ತಪ್ಪು ನನ್ನದು’ ಎಂದು ಬರೆದು ಸಹಿ ಹಾಕಿದೆ. ಚೀಟಿ ಹರಿದು, ನನ್ನ ಅಂಗಿಯ ಎದೆಗೆ ಚುಚ್ಚಿದಳು. ಅಂದು ಬಂದ ಗಿರಾಕಿಗಳೆಲ್ಲ ಓದಿ ನಕ್ಕರು. ಅವಳಂತೂ ಎಲ್ಲರಿಗಿಂತ ಜೋರಾಗಿ ನಕ್ಕಳು. ಚೀಟಿ ತೆಗೆಯುವುದು ನನ್ನ ಕೆಲಸವೇ, ಆದರೆ ಅದನ್ನು ಮಾತ್ರ ಅಂಗಡಿ ಮುಚ್ಚುವವರೆಗೂ ತೆಗೆಯಲಿಲ್ಲ.