ಗುಂಡು ಮೂಲೆಯ ಕತ್ತಿ

ಕತ್ತಿ ಕೊಳ್ಳಲು ಹೋದ ಇಬ್ಬರೂ ಹುಟ್ಟಿದಾಗಿನಿಂದ ಕ್ಷೌರದ ಕತ್ತಿ ಹಿಡಿದವರಲ್ಲ. ಆದರೆ ಒಬ್ಬನಿಗೆ ಕತ್ತಿಯ ಜಾತಕವೇ ಗೊತ್ತಿತ್ತು. ಗೊತ್ತಿದೆಯೆಂದು ಹೇಳಿಕೊಳ್ಳುವ ಧೈರ್ಯ ಮಾತ್ರ ಇರಲಿಲ್ಲ. ಅವನು ರವಿಕಿರಣ.

ಗೆಳೆಯ ಕಶ್ಯಪನ ತಂದೆ ಅಶ್ವತ್ಥನಾರಾಯಣರು ತೀರಿಕೊಂಡು ಎಂಟು ದಿನವಾಗಿತ್ತು. ಅಮೆರಿಕದ ರೆಂಟನ್ನಿನ ವಿಮಾನ ಕಾರ್ಖಾನೆಯಲ್ಲಿ ರೆಕ್ಕೆಗಳ ವಿನ್ಯಾಸ ಮಾಡಿ ನಿವೃತ್ತರಾದ ಹಿರಿಯರು. ಹತ್ತನೆಯ ದಿನದ ಕರ್ಮಕ್ಕೆ ಮೊದಲು ಗಂಡುಮಕ್ಕಳಿಬ್ಬರೂ ತಲೆ, ಗಡ್ಡ, ಮೀಸೆ ಎಲ್ಲ ತೆಗೆಸಬೇಕು. ಮೆಷಿನ್ ನಡೆಯದು, ಕತ್ತಿಯೇ ಆಗಬೇಕು ಎಂದು ಪುರೋಹಿತರು ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿದ್ದರು. ಬೆಳಗಿನ ಆರಕ್ಕೆ ಶೋರ್‌ಲೈನ್‌ನ ಮನೆಗೆ ಬಂದು ತಲೆ ಬೋಳಿಸುವ ಸಲೂನಿನವರು ಎಲ್ಲಿ ಸಿಗಬೇಕು? ಕೊನೆಗೆ ಕಶ್ಯಪ್ ಮತ್ತು ಅವನ ತಮ್ಮ ಶರತ್ ಒಬ್ಬರಿಗೊಬ್ಬರು ಮಾಡಿಕೊಳ್ಳುವುದೆಂದಾಯಿತು. ವಿಡಿಯೊ ನೋಡಿದರೆ ಬಾರದ ವಿದ್ಯೆಯೇ ಇಲ್ಲ ಎಂಬುದು ಆ ಇಬ್ಬರು ಇಂಜಿನಿಯರುಗಳ ನಂಬಿಕೆ.

"ನೀನೂ ಬಾರೋ ರವಿ. ಒಬ್ಬನೇ ಹೋದ್ರೆ ಏನೋ ಒಂದು ತಂದ್ಬಿಡ್ತೀನಿ," ಎಂದು ಕಶ್ಯಪ್ ಕರೆದಿದ್ದ. ಡೆನ್ನಿ ಟ್ರಯಾಂಗಲ್‌ನ ಆಫೀಸಿನಲ್ಲಿ ಇಬ್ಬರೂ ಒಂದೇ ದಿನ ಕೆಲಸಕ್ಕೆ ಸೇರಿದವರು, ಹನ್ನೊಂದು ವರ್ಷದ ಸ್ನೇಹ. ಇಲ್ಲ ಎನ್ನಲು ರವಿಕಿರಣನಿಗೆ ಬಾಯಿ ಬರಲಿಲ್ಲ.

ತಿಪಟೂರಿನ ಬಸ್‌ಸ್ಟ್ಯಾಂಡಿನ ಹಿಂದೆ ಅವನ ಅಪ್ಪನ ಕಟಿಂಗ್ ಶಾಪು. ಅಲ್ಲಿನ ಬೆಂಚಿನ ಮೇಲೆ ಕೂತೇ ಅವನು ಎಸೆಸೆಲ್ಸಿವರೆಗೆ ಓದಿದ್ದು. ಸಾವಿರಾರು ಕ್ಷೌರ ನೋಡಿದ್ದ, ಒಂದನ್ನೂ ಮಾಡಿರಲಿಲ್ಲ. ಕತ್ತಿಗೆ ಕೈ ಚಾಚಿದರೆ ಅಪ್ಪ ಬಾರಿಸುತ್ತಿದ್ದರು. "ಇದು ನನ್ನ ಕೈಯಲ್ಲೇ ಮುಗೀಲಿ," ಎನ್ನುತ್ತಿದ್ದರು. ಅಮೆರಿಕದಲ್ಲಿ ಯಾರಾದರೂ ಮನೆತನ ಕೆದಕಿದರೆ, ಅಪ್ಪನದು ಊರಲ್ಲಿ ಸಣ್ಣ ಬಿಸಿನೆಸ್ ಎಂದು ಅವನು ಮಾತು ತೇಲಿಸಿಬಿಡುತ್ತಿದ್ದ.

ಹಾಗೆ ತೇಲಿಸಲು ಕಾರಣವಿತ್ತು. ಮೊದಲ ವರ್ಷದ ಯುಗಾದಿಗೆ ಕಶ್ಯಪನ ಮನೆಯಲ್ಲಿ ಊಟ. ತಾಯಿ ವಸಂತಲಕ್ಷ್ಮಿ ಬೇಡವೆಂದರೂ ಎಲೆಗೆ ಹೋಳಿಗೆ ಹಾಕುತ್ತಿದ್ದರು. ಅಶ್ವತ್ಥನಾರಾಯಣರು ತಮ್ಮ ಬಾಲ್ಯ ನೆನೆದು ನಗುತ್ತ ಹೇಳಿದ್ದರು: "ಕ್ಷೌರದವನು ಹಿತ್ತಿಲಲ್ಲೇ ಕೂರಬೇಕು. ಅವನು ಮುಟ್ಟಿದ ಮೇಲೆ ನೀರು ಹುಯ್ಕೊಳ್ದೆ ನಮ್ಮಜ್ಜಿ ಒಳಗೇ ಬಿಡ್ತಿರ್ಲಿಲ್ಲ ಕಣಯ್ಯಾ." ಎಲ್ಲರೂ ನಕ್ಕರು. ರವಿಕಿರಣನೂ ನಕ್ಕ. ಆ ನಗು ಹನ್ನೊಂದು ವರ್ಷದಿಂದ ಅವನನ್ನು ಒಳಗೇ ಸುಡುತ್ತಿದೆ. ಈ ಪರದೇಶದಲ್ಲಿ ಅವನಿಗೆ ಮನೆಯೆಂದು ಇದ್ದದ್ದು ಅದೊಂದೇ. ನಿಜ ಹೇಳಿ ಅದನ್ನು ಕಳೆದುಕೊಳ್ಳಲು ಅವನಿಗೆ ಭಯ.

ಅಂಗಡಿಯಲ್ಲಿ ಗಾಜಿನ ಕೆಳಗೆ ಮೂವತ್ತು ಕತ್ತಿಗಳಿದ್ದವು. ಕಶ್ಯಪನ ಕಣ್ಣು ಸೀದಾ ಹೋದದ್ದು ಎಲ್ಲಕ್ಕಿಂತ ಚೆಂದದ್ದರ ಮೇಲೆ. ಅಲಗಿನ ತುಂಬ ಅಲೆಅಲೆಯ ಚಿತ್ತಾರ, ಕೊಂಬಿನ ಹಿಡಿ, ತುದಿಯ ಮೂಲೆ ಸೂಜಿಯಂತೆ ಚೂಪು. ಅಂಗಡಿಯ ಹೆಂಗಸು ಇದು ಮೊದಲನೆಯ ಕತ್ತಿಯೇ ಎಂದು ಕೇಳಿದಳು. ಹೌದೆಂದ ಕಶ್ಯಪ್ ಅದನ್ನು ಕೈಗೆ ತೆಗೆದುಕೊಂಡು ತಿರುವಿ ನೋಡಿದ.

ಬೇಡ ಎಂಬ ಮಾತು ರವಿಕಿರಣನ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಕಶ್ಯಪ್ ನಿಟ್ಟುಸಿರು ಬಿಟ್ಟ. "ಅಪ್ಪ ಹೋದ ದುಃಖದಲ್ಲಿ ಈ ಹಜಾಮತಿ ಬೇರೆ ನೋಡು ನಮ್ಗೆ."

ಆ ಪದ ಅವನು ಆಫೀಸಿನಲ್ಲಿ ದಿನಕ್ಕೆ ಎರಡು ಸಲ ಬಳಸುತ್ತಾನೆ, ಬೈದೆನೆಂದೂ ಅವನಿಗೆ ಗೊತ್ತಾಗುವುದಿಲ್ಲ. ರವಿಕಿರಣ ಬಾಯಿ ಮುಚ್ಚಿಕೊಂಡ. ಕೊಯ್ದುಕೊಳ್ಳಲಿ ಎಂದೂ ಒಂದು ಕ್ಷಣ ಅನಿಸಿತು. ಮರುಕ್ಷಣವೇ ಅಪ್ಪನಿಲ್ಲದ ಆ ತಲೆಯ ಮೇಲೆ ರಕ್ತ ಕಂಡಂತಾಯಿತು.

"ಅದು ಬೇಡ ಕಣೋ," ಎಂದ. "ಮೂಲೆ ಚೂಪಿದೆ. ಕಿವಿ ಹಿಂದೆ ತಿರುಗಿಸೋವಾಗ ಕೊಯ್ಯತ್ತೆ. ಅಲಗೂ ಭಾರ, ಹೊಸ ಕೈಗೆ ಚರ್ಮ ಗೊತ್ತಾಗಲ್ಲ. ಆ ಮೂಲೇಲಿರೋದು ನೋಡು. ತುದಿ ಗುಂಡಗಿದೆ, ಹಗುರ ಇದೆ. ಮಸೆದು ಕೊಡ್ತಾರಾ ಕೇಳು. ಅಂಗಡಿಗೆ ಬಂದ ಹಾಗೇ ತಗೊಂಡ್ರೆ ಕೂದಲು ಕಿತ್ಕೊಂಡ್ ಬರತ್ತೆ."

ಅವನು ಬೆರಳಿಟ್ಟು ತೋರಿಸಿದ ಕತ್ತಿಯನ್ನು ಕಂಡು ಅಂಗಡಿಯವಳು ತಲೆಯಾಡಿಸಿದಳು. ಹೊಸಬರಿಗೆ ತಾನೂ ಅದನ್ನೇ ಕೊಡುವುದೆಂದಳು.

"ಲೋ, ನಿಂಗೆ ಹೇಗೋ ಇದೆಲ್ಲ ಗೊತ್ತು?"

ವಿಡಿಯೊ ನೋಡಿದೆ ಎಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಹೇಳಿದ ಒಂದೊಂದು ಮಾತೂ ಅಪ್ಪನದು. ಅದನ್ನು ಯಾವುದೋ ವಿಡಿಯೊಗೆ ದಾನ ಮಾಡಲು ಅವನಿಗೆ ಮನಸ್ಸಾಗಲಿಲ್ಲ.

"ನಮ್ಮಪ್ಪಂದು ಕಟಿಂಗ್ ಶಾಪು. ಐವತ್ತು ವರ್ಷದಿಂದ ಇದೇ ಕೆಲಸ."

ಕಶ್ಯಪ್ ಕಣ್ಣರಳಿಸಿದ. ಆಮೇಲೆ ಎಂಟು ದಿನದಿಂದ ಕಾಣದ ನಿರಾಳ ಅವನ ಮುಖದಲ್ಲಿ ಕಂಡಿತು. "ಅಯ್ಯೋ, ಮೊದ್ಲೇ ಹೇಳೋದಲ್ವೇನೋ! ಬದುಕ್ಕೊಂಡೆ. ಹಾಗಾದ್ರೆ ನೀನೇ ಮಾಡ್ಬಿಡು. ಅಮ್ಮಂಗೂ ಸಮಾಧಾನ, ಶಾಸ್ತ್ರಕ್ಕೂ ಸರಿಹೋಗತ್ತೆ."

ಅವನ ಮಾತಿನಲ್ಲಿ ಕೊಂಕು ಎಳ್ಳಷ್ಟೂ ಇರಲಿಲ್ಲ. ರವಿಕಿರಣನಿಗೆ ಹೆಚ್ಚು ಉರಿದದ್ದು ಅದಕ್ಕೇ.

"ನಂಗೆ ಬರಲ್ಲ."

"ನಿಮ್ಮಪ್ಪಂದು ಇದೇ ಕೆಲಸ ಅಂದ್ಯಲ್ಲೋ?"

"ನಿಮ್ಮಪ್ಪ ವಿಮಾನದ ರೆಕ್ಕೆ ಡಿಸೈನ್ ಮಾಡ್ತಿದ್ರು. ನಿಂಗೆ ಬರತ್ತಾ?"

ಕಶ್ಯಪ್ ಕೈಯಲ್ಲಿದ್ದ ಚಿತ್ತಾರದ ಕತ್ತಿಯನ್ನು ಮೆಲ್ಲಗೆ ಕೆಳಗಿಟ್ಟ. ಗುಂಡು ಮೂಲೆಯದನ್ನು ಮಸೆಸಿ ಕಟ್ಟಿಸಿಕೊಂಡು ಹೊರಟರು. ಶೋರ್‌ಲೈನ್ ಮುಟ್ಟುವವರೆಗೆ ಕಶ್ಯಪ್ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. ಈ ಸ್ನೇಹ ಇಲ್ಲಿಗೆ ಮುಗಿಯಿತು ಎಂದುಕೊಂಡ ರವಿಕಿರಣ. ಮನೆಯ ಮುಂದೆ ಇಳಿದು ತನ್ನ ಕಾರಿನತ್ತ ನಡೆದವನನ್ನು ಕಶ್ಯಪ್ ಕೂಗಿದ.

"ಇದನ್ನ ಹೇಗೆ ಕಲಿಯೋದು ಅಂತಾದ್ರೂ ಹೇಳೋ."

ರವಿಕಿರಣ ನಿಂತ. "ನಮ್ಮಲ್ಲಿ ಮೊದಲು ಮನೆಯವರ ಮುಖದ ಮೇಲೆ ಕಲೀತಾರೆ," ಎಂದ. "ಕೊಯ್ದ್ರೂ ತಡ್ಕೋತಾರೆ, ಅದಕ್ಕೆ."

ಆಮೇಲೆ ರವಿಕಿರಣನೇ ಗ್ಯಾರೇಜಿಗೆ ಹೋಗಿ ಕುರ್ಚಿ ಎಳೆದುಕೊಂಡು ಕೂತ. ಹೆಗಲಿಗೆ ಟವೆಲ್ ಹೊದ್ದು, ತನ್ನ ವಾರದ ಗಡ್ಡಕ್ಕೆ ತಾನೇ ಸೋಪು ಹಚ್ಚಿಕೊಂಡ. "ಎಡಗೈಲಿ ಚರ್ಮ ಬಿಗಿ ಹಿಡಿ. ಕತ್ತಿ ಮಲಗಿಸು. ಒತ್ತಬೇಡ, ಅದರ ಪಾಡಿಗೆ ಹೋಗತ್ತೆ," ಎಂದು ಕತ್ತೆತ್ತಿ ಒಡ್ಡಿದ.

ಕಶ್ಯಪ್ ಒಂದು ಎಳೆತ ಎಳೆದ. ಎರಡನೆಯದು ದವಡೆಯ ಹತ್ತಿರ ಚುರುಕ್ಕೆಂದಿತು, ರಕ್ತ ಜಿನುಗಿತು. ರವಿಕಿರಣ ಅಲ್ಲಾಡಲಿಲ್ಲ. ಕಶ್ಯಪ್ ಬಗ್ಗಿ ಹೆಬ್ಬೆರಳಿನಿಂದ ಅದನ್ನು ಒರೆಸಿ, ಗಾಯವನ್ನು ಒತ್ತಿ ಹಿಡಿದ. ಅವನ ಕಣ್ಣು ತುಂಬಿತ್ತು. ಮತ್ತೆ ಕತ್ತಿ ಇಟ್ಟು, ಈ ಸಲ ಸರಿಯಾಗಿ, ಕೆನ್ನೆಯ ನಡುವಿನವರೆಗೆ ಬಂದವನು ಕೇಳಿದ:

"ರವಿ, ನಿಮ್ಮಪ್ಪನ ಹೆಸರೇನೋ?"

ಹನ್ನೊಂದು ವರ್ಷದಲ್ಲಿ ಈ ಮನೆಯಲ್ಲಿ ಅದನ್ನು ಯಾರೂ ಕೇಳಿರಲಿಲ್ಲ. ಕೆನ್ನೆಯ ಮೇಲೆ ಅಲಗಿರುವಾಗ ಬಾಯಿ ತೆಗೆಯುವಂತಿಲ್ಲ. ಕಶ್ಯಪ್ ಕತ್ತಿ ಎತ್ತಿಕೊಂಡು ಕಾದ.

"ತಿಪ್ಪಣ್ಣ," ಎಂದ ರವಿಕಿರಣ.