ಮುನಿಶಾಮಿಯವರ ಸೀಬೆಹಣ್ಣು

ಮುನಿಶಾಮಿಯವರು ರಸ್ತೆಯಲ್ಲಿ ನಡೆಯುವಾಗಲೂ ಆಗತಾನೇ ಬಣ್ಣ ಬಳಿದ ನೆಲವನ್ನು ದಾಟುವವರಂತೆ ಅಳೆದು ಅಳೆದು ಹೆಜ್ಜೆಯಿಡುತ್ತಿದ್ದರು. ಉರಿಬಿಸಿಲಿನಲ್ಲೂ ಮೈಮೇಲೆ ಪಟಾಲಮ್ಮಿನ ಸಿಪಾಯಿಗಳ ಹಳೆಯ ಖಾಕಿ ಕೋಟು, ಜೇಬಿನಲ್ಲಿ ಬಣ್ಣ ಕೆರೆಯುವ ಚಾಕು. ಮರ್ಫಿ ಟೌನಿನಲ್ಲಿ ಅಂಗಡಿ ಬೋರ್ಡು ಬರೆದು ಬದುಕುತ್ತಿದ್ದ ಈ ಮನುಷ್ಯನ ಪ್ರಾಣವೆಲ್ಲ ತಟ್ಟೆಯಲ್ಲಿಟ್ಟ ಹಣ್ಣು, ತಂಬಿಗೆಗಳ ಚಿತ್ರದಲ್ಲಿತ್ತು. ಹಣ್ಣು ದಿನೇ ದಿನೇ ಬಾಡಿದಂತೆ ಚಿತ್ರವನ್ನೂ ಅಷ್ಟಷ್ಟೇ ಕೆರೆದು ತಿದ್ದುವರು. ಹೀಗಾಗಿ ಯಾವುದೂ ಮುಗಿಯುತ್ತಿರಲಿಲ್ಲ. ಪಕ್ಕದ ಮನೆಯ ನನಗಂತೂ ತಲೆ ಚಿಟ್ಟುಹಿಡಿಯುತ್ತಿತ್ತು.

ರಸೆಲ್ ಮಾರುಕಟ್ಟೆಯ ಹಿಂದಿನ ಓಣಿಯ ಇನಾಯತ್ ಉಲ್ಲಾ ಎಂಬ ಚಿತ್ರಗಾರ ಮುನಿಶಾಮಿಯವರ ಗೆಳೆಯ, ರೀತಿಯಲ್ಲಿ ಪೂರಾ ತದ್ವಿರುದ್ಧ. ದಪ್ಪ ಕುಂಚದಲ್ಲಿ ಗಂಟೆಯೊಳಗೆ ಕೆಂಪು ಹಳದಿ ಎರಚಿ ಮುಗಿಸಿ, ಆ ಹಣ್ಣನ್ನೇ ಕೊಯ್ದು ನೋಡುತ್ತ ನಿಂತವರಿಗೆಲ್ಲ ಹಂಚಿಬಿಡುವ ಆಸಾಮಿ.

ಸಾವಿರದ ಒಂಬೈನೂರ ನಲವತ್ತಮೂರರ ಬೇಸಿಗೆಯಲ್ಲಿ ಹಲಸೂರಿನ ಶಾಲೆಯೊಂದಕ್ಕೆ ಡ್ರಾಯಿಂಗ್ ಮಾಸ್ತರರು ಬೇಕಾದರು. ಅರ್ಜಿ ಹಾಕಿದ ಈ ಗೆಳೆಯರಿಬ್ಬರೂ ಶಾಲೆಯಲ್ಲೇ ಕೂತು ಒಂದೇ ತಟ್ಟೆಯ ಹಣ್ಣುಗಳನ್ನು ನೋಡಿ ಐದು ದಿನದಲ್ಲಿ ಬರೆಯಬೇಕು. ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆ ತೀರ್ಪು. ಬೋರ್ಡು ಬರೆಯುವಾಗ ಏಣಿಯಿಂದ ಒಮ್ಮೆ ಬಿದ್ದಿದ್ದ ಮುನಿಶಾಮಿಯವರಿಗೆ, ಇನ್ನೊಮ್ಮೆ ಬಿದ್ದರೆ ಏಳಲಾರಿರೆಂದು ಡಾಕ್ಟರು ಹೇಳಿದ್ದರು. ಈ ಕೆಲಸ ಸಿಕ್ಕದಿದ್ದರೆ ಮತ್ತೆ ಏಣಿಯೇ ಗತಿ. ಹಟಹಿಡಿದು ಅವರಿಂದ ಅರ್ಜಿ ಹಾಕಿಸಿದವನು ನಾನೇ.

ಶನಿವಾರ ಹನ್ನೊಂದೂವರೆಗೆ ಮುನಿಶಾಮಿಯವರ ಚಿತ್ರ ಮುಗಿದಿತ್ತು. ಅವರ ಜನ್ಮದಲ್ಲಿ ಮೊದಲ ಸಲ! ಇನಾಯತ್ ಅದರೆದುರು ಬಹಳ ಹೊತ್ತು ನಿಂತ.

"ನಂದು ನೋಡಿದ್ರೆ ಹಸಿವಾಗತ್ತೆ ಭಾಯ್, ನಿಂದು ನೋಡಿದ್ರೆ ಮುಟ್ಟೋಕೇ ಭಯ. ಕೆಲ್ಸ ನಿಂದೇ."

ಬಾಗಿಲಲ್ಲಿ ನಿಂತಿದ್ದ ಹೆಂಡತಿ ಯಶೋದಮ್ಮನವರು ಅಷ್ಟು ಹೊತ್ತು ಬಿಗಿಹಿಡಿದಿದ್ದ ಸೆರಗನ್ನು ಸಡಿಲಿಸಿದರು. ಆಗಲೇ ಮುನಿಶಾಮಿಯವರು ತಟ್ಟೆಯತ್ತ ಬಗ್ಗಿದರು. ಸೀಬೆಹಣ್ಣಿನ ಮೇಲೆ ಸಾಸಿವೆಯಷ್ಟು ಕಪ್ಪು ಚುಕ್ಕೆ ಎದ್ದಿತ್ತು. ಅವರ ಕೈ ಜೇಬಿಗೆ ಹೋಯಿತು. ನಾನು ಓಡಿಹೋಗಿ ಮಣಿಕಟ್ಟು ಹಿಡಿದುಕೊಂಡೆ.

"ಬಿಡಿ ರೀ," ಎಂದರು ಮೆತ್ತಗೆ. "ನಾ ಬರ್ದಿರೋದು ಬೆಳಿಗ್ಗೆ ಹಣ್ಣು, ಈಗಿಂದಲ್ಲ."

ಹನ್ನೆರಡರ ಗಂಟೆ ಬಾರಿಸುತ್ತಲೇ ಹೆಡ್‌ಮಾಸ್ತರರು ಒಳಬಂದಾಗ, ಸೀಬೆಹಣ್ಣಿದ್ದ ಜಾಗದಲ್ಲಿ ಕೆರೆದ ಬರಿಯ ಕ್ಯಾನ್ವಾಸು. ಕೆಲಸ ಇನಾಯತನಿಗಾಯಿತು.

ಸೋಮವಾರ ಮುನಿಶಾಮಿಯವರು ಜೋಗುಪಾಳ್ಯದಲ್ಲಿ ಏಣಿ ಹತ್ತಿದರು. ಕೆಳಗೆ ಎರಡೂ ಕೈಯಲ್ಲಿ ಏಣಿ ಹಿಡಿದು ನಿಂತವರು ಯಶೋದಮ್ಮ. ಇನಾಯತ್ ತನ್ನ ತರಗತಿಯಲ್ಲಿ ತೂಗುಹಾಕಿದ್ದು ತನ್ನ ಚಿತ್ರವನ್ನಲ್ಲ, ಆ ಅರೆಕೆರೆದ ಚಿತ್ರವನ್ನು. ಎಷ್ಟೋ ಜನರನ್ನು ಕರೆದೊಯ್ದು ತೋರಿಸಿ ನಾನೂ ಕೊಂಡಾಡಿದ್ದೇನೆ. ಕಂಡ ಸತ್ಯಕ್ಕೆ ಕೂದಲೆಳೆಯಷ್ಟೂ ತಪ್ಪದ ಇಂಥ ಜೀವಗಳನ್ನು ಮೆಚ್ಚುವುದು ನಮ್ಮಂಥ ನೆರೆಯವರಿಗೆ ಬಹಳ ಸುಲಭ. ಏಣಿ ಹಿಡಿಯುವ ಕೈಗಳು ಬೇರೆ.